ಟ್ಯಾಬ್ ನೋಡಿ ಕಲಿತ ಬ್ಲೂಸ್ ಯಾಕೆ ಸ್ಕಿಪ್ ಜೇಮ್ಸ್ ಹಾಗೆ ಕೇಳಿಸುವುದಿಲ್ಲ?

ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಬರೆದ ಹಾಳೆ) ನೋಡಿಕೊಂಡು ಹಳೆಯ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ ಹಾಡು ಕಲಿಯುತ್ತಿದ್ದೇನೆ, ಸ್ವರ ಸರಿಯಿದ್ದರೂ ಅವರ ಹಾಗೆ ಕೇಳಿಸುವುದಿಲ್ಲ, ಅಮೆರಿಕದ ಕಪ್ಪು ಜನರ ಹಳೆಯ ಬ್ಲೂಸ್ ಮತ್ತು ಸ್ಪಿರಿಚುವಲ್‌ಗಳನ್ನು (ಅವರ ಭಕ್ತಿಗೀತೆಗಳನ್ನು) ಈಗಲೂ ಕಲಿಸುವವರಿದ್ದಾರಾ ಎಂದು ಕೇಳಿದ್ದೀರಿ. ಇದ್ದಾರೆ. ಮೊದಲು ಗಿಟಾರಿನ ಶ್ರುತಿ ನೋಡಿಕೊಳ್ಳಿ.

ನಾನೂ ಎರಡು ವರ್ಷ ಮಾಮೂಲಿ ಶ್ರುತಿಯಲ್ಲೇ ಒದ್ದಾಡಿದೆ. ಜೇಮ್ಸ್ ಅವರ ಊರಾದ, ಅಮೆರಿಕದ ಮಿಸಿಸಿಪಿಯ ಬೆಂಟೋನಿಯಾ ಎಂಬ ಪುಟ್ಟ ಊರಿನವರ ಶ್ರುತಿಯೇ ಬೇರೆ. ಒಂದು, ಎರಡು, ಮೂರು ಮತ್ತು ಆರನೆಯ ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು (ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲುಗಳು) ಇಳಿಸಿ. ನಾಲ್ಕು, ಐದು ಇದ್ದ ಹಾಗೇ ಇರಲಿ. ದಪ್ಪ ತಂತಿಯಿಂದ ಡಿ, ಎ, ಡಿ, ಎಫ್, ಎ, ಡಿ ಸ್ವರಗಳು ಬರುತ್ತವೆ. ಯಾವ ತಂತಿಯನ್ನೂ ಒತ್ತದೆ ಸುಮ್ಮನೆ ಒಮ್ಮೆ ಮೀಟಿ. ಆ ಹಾಡುಗಳ ದುಗುಡ ಅಲ್ಲೇ ಕೇಳಿಸುತ್ತದೆ. ಹಾಡುವಾಗ ಗಾಂಧಾರ, ನಮ್ಮ ಸಂಗೀತದ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಜಾರುತ್ತಿರುತ್ತದೆ. ಅದನ್ನು ಯಾವ ಟ್ಯಾಬೂ ಹೇಳಿಕೊಡಲಾರದು.

ಆ ಊರಿನಲ್ಲಿ ಇದನ್ನು ಕಲಿಸಿದವರು ಹೆನ್ರಿ ಸ್ಟಕಿ. ಅವರ ಒಂದು ರೆಕಾರ್ಡೂ ಉಳಿದಿಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅವರಿಂದ ಕಲಿತ ಸ್ಕಿಪ್ ಜೇಮ್ಸ್ 1931ರಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ಗೆ ಹೋಗಿ ಹಾಡಿ ರೆಕಾರ್ಡ್ ಮಾಡಿಸಿದ್ದರಿಂದ ಹೊರಗಿನವರಿಗೆ ಈ ಶೈಲಿಯ ಸುಳಿವು ಸಿಕ್ಕಿತು. ಅದೇ ಶೈಲಿಯ ಇನ್ನೊಬ್ಬ ಗಾಯಕ ಜ್ಯಾಕ್ ಓವೆನ್ಸ್ ಊರಲ್ಲೇ ಉಳಿದರು. 1997ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ವಿದ್ಯೆ ಜಿಮ್ಮಿ ‘ಡಕ್’ ಹೋಮ್ಸ್ ಕೈಗೆ ದಾಟಿತ್ತು. ಹೋಮ್ಸ್ ಅವರ ಅಪ್ಪ ಅಮ್ಮ 1948ರಲ್ಲಿ ತೆರೆದ ಬ್ಲೂ ಫ್ರಂಟ್ ಕೆಫೆಯನ್ನು 1970ರಿಂದ ಅವರೇ ನಡೆಸಿಕೊಂಡು ಬಂದವರು. ಓವೆನ್ಸ್‌ಗೆ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಂಪುಗಳ) ಹೆಸರು ಹೇಳಿ ಪಾಠ ಮಾಡುವ ರೂಢಿಯಿರಲಿಲ್ಲ. ಎದುರು ಕೂತು, ಅವರ ಬೆರಳು ನೋಡುತ್ತ ನೋಡುತ್ತ ಹೋಮ್ಸ್ ಕಲಿತರು. ಕೆಫೆಗೆ ಹುಡುಕಿಕೊಂಡು ಬಂದವರಿಗೆ ಅವರು ಕಲಿಸಿದ್ದೂ ಹಾಗೆಯೇ.

ಅಲ್ಲಿಂದ ಉತ್ತರಕ್ಕಿರುವ ಕ್ಲಾರ್ಕ್ಸ್‌ಡೇಲ್‌ನ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಊರಿನ ಮಕ್ಕಳಿಗೆ ತರಗತಿ ನಡೆಸುತ್ತದೆ. ಈಗ ಹೆಸರಾಗಿರುವ ಬ್ಲೂಸ್ ಗಿಟಾರ್ ವಾದಕ ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇನ್‌ಗ್ರಮ್ ಕಲಿತದ್ದು ಅಲ್ಲೇ.

ಸ್ಪಿರಿಚುವಲ್‌ಗಳ ಕಥೆ ಬೇರೆ. 1871ರ ಅಕ್ಟೋಬರ್ 6ರಂದು ನ್ಯಾಶ್‌ವಿಲ್‌ನ ಫಿಸ್ಕ್ ಶಾಲೆಯ ಒಂಬತ್ತು ವಿದ್ಯಾರ್ಥಿಗಳು ಮುಳುಗುತ್ತಿದ್ದ ಶಾಲೆಗೆ ಹಣ ಕೂಡಿಸಲು ಹಾಡುತ್ತ ಹೊರಟರು. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲಿ ಹುಟ್ಟಿದವರು. ಹೆತ್ತವರು ದೇವರ ಮುಂದೆ ಹಾಡಿಕೊಂಡ ಹಾಡುಗಳನ್ನು ಪರರ ಮುಂದೆ ಹಾಡಲು ಮೊದಮೊದಲು ಅವರಿಗೆ ಮನಸ್ಸಿರಲಿಲ್ಲ. ಕೊನೆಗೆ ಕಛೇರಿಗೆ ಹೊಂದುವಂತೆ ಒಪ್ಪಮಾಡಿ, ಸ್ವರ ಬರೆದು ಹಾಡಿದರು. ಉಳಿಯಲು ಅದು ಬೇಕಿತ್ತು ಎಂದು ಒಪ್ಪುತ್ತೇನೆ. ಈಗಲೂ ಪ್ರತಿ ಅಕ್ಟೋಬರ್ 6ರಂದು ಫಿಸ್ಕ್‌ನಲ್ಲಿ ಅವರ ನೆನಪಿನ ದಿನ ನಡೆಯುತ್ತದೆ. ಆದರೆ ನನ್ನನ್ನು ಹೆಚ್ಚು ಅಲುಗಾಡಿಸುವುದು ಜಾರ್ಜಿಯಾದ ಮ್ಯಾಕಿಂಟಾಷ್ ಕೌಂಟಿ ಶೌಟರ್ಸ್ ಎಂಬ ಹಾಡುಗಾರರ ತಂಡ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಒಬ್ಬರು ಕೋಲಿನಿಂದ ನೆಲ ಕುಟ್ಟುತ್ತ ಲಯ ಕೊಡುತ್ತಾರೆ, ಹೆಂಗಸರು ಕಾಲಿಗೆ ಕಾಲು ಅಡ್ಡ ಹಾಕದೆ ಸುತ್ತು ಬರುತ್ತಾರೆ. ಮನೆತನಗಳಲ್ಲೇ ನಡೆದುಬಂದ ಕಲಿಕೆ ಅದು.

ಈಗ ನಿಮ್ಮ ವಿಷಯ. 1931ರ ರೆಕಾರ್ಡ್‌ಗಳಲ್ಲಿ ಗರಗರ ಸದ್ದು ಜಾಸ್ತಿ. ಜೇಮ್ಸ್ 1964ರ ನಂತರ ಮತ್ತೆ ಹಾಡಿದವನ್ನು ಮೊದಲು ಕೇಳಿ. ಹೋಮ್ಸ್ ನುಡಿಸುವ ವಿಡಿಯೋ ಹಾಕಿ, ಸದ್ದು ತೆಗೆದು, ಬಲಗೈ ಹೆಬ್ಬೆರಳನ್ನಷ್ಟೇ ನೋಡಿ. ಆಮೇಲೆ ಸದ್ದು ಕೊಟ್ಟು, ಕಣ್ಣು ಮುಚ್ಚಿ ಕೇಳಿ. ಗಿಟಾರ್ ಮುಟ್ಟುವುದು ಅದಾದ ಮೇಲೆ.