ಗೌಡ್ರ ಕಾರಿನ 1.85 ಲಕ್ಷದ ಎಸ್ಟಿಮೇಟ್: ಒಪ್ಪೋ ಮುಂಚೆ ಕೇಳಬೇಕಾದ್ದು

ಗೌಡ್ರೇ, ನಿಮ್ಮ ಪೋಸ್ಟೂ ಓದಿದೆ, ಕೆಳಗಿನ ಉತ್ತರಗಳನ್ನೂ ಓದಿದೆ. ಅರ್ಧ ಜನ "ಮಾರಿ ಕೈ ತೊಳ್ಕೊಳ್ಳಿ" ಅಂದಿದ್ದಾರೆ, ಉಳಿದವರು "ಶೋರೂಮಿನವರೆಲ್ಲ ಕಳ್ಳರು" ಅಂದಿದ್ದಾರೆ. ಕಾರು ಶಿವಮೊಗ್ಗದಲ್ಲಿ ಬಾನೆಟ್ ತೆರೆದು ನಿಂತಿರುವಾಗ ಈ ಎರಡು ಮಾತಿನಿಂದಲೂ ನಿಮಗೆ ಏನೂ ಉಪಯೋಗ ಇಲ್ಲ.

ತಡವಾಗಿ ಬಂದವರಿಗೆ ವಿಷಯ ಇಷ್ಟು. 2014ರ ಡೀಸೆಲ್ ಕಾರು, 1.3 ಲೀಟರ್ ಎಂಜಿನ್. ಗೌಡ್ರು ಕುಂದಾಪುರದಿಂದ ಹೊಸನಗರಕ್ಕೆ ಬರುವಾಗ ಹುಲಿಕಲ್ ಘಾಟಿಯಲ್ಲಿ ಹೀಟ್ ಮುಳ್ಳು ಮೇಲೆ ಹೋಯಿತು. ನಿಲ್ಲಿಸಿ, ಹಳ್ಳದ ನೀರು ಹಾಕಿ, ಮನೆ ಮುಟ್ಟಿಸಿದರು. ಆಮೇಲೆ ಬೆಳಿಗ್ಗೆ ಬಿಳಿ ಹೊಗೆ, ಕೂಲೆಂಟ್ (ಎಂಜಿನ್ ತಣ್ಣಗಿಡುವ ನೀರು) ಇಳಿಯುವುದು, ಏರಿನಲ್ಲಿ ಎಳೆಯದೇ ಇರುವುದು. ಶೋರೂಮಿಗೆ ಬಿಟ್ಟರೆ ಅಲ್ಲಿಂದ ಫೋನು: ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬೆಂಡ್ ಆಗಿರಬಹುದು, ಬ್ಲಾಕಿಗೂ ಪೆಟ್ಟು ಬಿದ್ದಿರಬಹುದು, ಹೆಡ್ಡು ಮತ್ತು ಹಾಫ್ ಎಂಜಿನ್ ಎರಡೂ ಬದಲಾಯಿಸಬೇಕು, 1.85 ಲಕ್ಷ, ಅಪ್ರೂವಲ್ ಕೊಡಿ. ಎಂಜಿನ್ ಇನ್ನೂ ಬಿಚ್ಚಿಲ್ಲ. (ಹೆಡ್ ಅಂದರೆ ಎಂಜಿನ್ನಿನ ಮೇಲಿನ ಭಾಗ, ಬ್ಲಾಕ್ ಅಂದರೆ ಸಿಲಿಂಡರುಗಳಿರುವ ಕೆಳಗಿನ ಭಾಗ, ಗ್ಯಾಸ್ಕೆಟ್ ಇವೆರಡರ ಮಧ್ಯೆ ಕೂರುವ ತೆಳು ಹಾಳೆ, ಹಾಫ್ ಎಂಜಿನ್ ಅಂದರೆ ಪಿಸ್ಟನ್ ಸಮೇತ ಬ್ಲಾಕ್.)

ನಾನು ತೋಟಕ್ಕೆ ವಾಪಸ್ ಬರುವ ಮುಂಚೆ ಶಿವಮೊಗ್ಗದಲ್ಲಿ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಇದ್ದವನು. ಮೆಕ್ಯಾನಿಕ್ ಅಲ್ಲ. ಆದರೆ ಯಾವ ಪಾರ್ಟು ಯಾಕೆ ಖರ್ಚಾಗುತ್ತದೆ ಅಂತ ಕೌಂಟರಿನ ಈಚೆ ನಿಂತು ಸಾಕಷ್ಟು ನೋಡಿದ್ದೇನೆ. ಅದರ ಮೇಲೆ ಹೇಳುತ್ತಿದ್ದೇನೆ.

ಮೊದಲ ಕೆಲಸ: ಇವತ್ತೇ ಫೋನ್ ಮಾಡಿ, "ಯಾವ ಟೆಸ್ಟ್ ಮಾಡಿದ್ರಿ, ರೀಡಿಂಗ್ ಎಷ್ಟು ಬಂತು?" ಅಂತ ಕೇಳಿ. ಇದನ್ನು ಸರ್ವಿಸ್ ಅಡ್ವೈಸರ್ ಹತ್ತಿರ ಕೇಳಬೇಡಿ. ಅವರು ಟೈ ಕಟ್ಟಿಕೊಂಡು ನಿಮಗೂ ವರ್ಕ್‌ಶಾಪಿಗೂ ಮಧ್ಯೆ ಮಾತು ಸಾಗಿಸುವವರು. ವರ್ಕ್ಸ್ ಮ್ಯಾನೇಜರ್ ಅಥವಾ ಫೋರ್‌ಮನ್ ಹತ್ತಿರ ಕೇಳಿ. ಟೆಸ್ಟ್ ಮಾಡಿದ್ದರೆ ಸಂಖ್ಯೆ ಇದ್ದೇ ಇರುತ್ತದೆ. "ಸರ್, ಅನುಭವದ ಮೇಲೆ ಹೇಳ್ತಿದ್ದೀವಿ" ಅಂದರೆ ಟೆಸ್ಟ್ ಆಗಿಲ್ಲ ಅಂತಲೇ ಅರ್ಥ. ಹೆಡ್ ಬೆಂಡ್ ಆಗಿದೆಯೋ ಇಲ್ಲವೋ ಅನ್ನುವುದು ಬಿಚ್ಚದೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಿರುವಾಗ ಹಾಫ್ ಎಂಜಿನ್ನಿಗೆ ಈಗಲೇ ಅಪ್ರೂವಲ್ ಯಾಕೆ?

ಈಗ ಲಕ್ಷಣಗಳಿಗೆ ಬರೋಣ. ನಮ್ಮ ಕಡೆಯ ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ಸ್ವಲ್ಪ ಬಿಳಿ ಆವಿ ಬರುವುದು ಮಾಮೂಲಿ. ಐದು ನಿಮಿಷದಲ್ಲಿ ನಿಂತರೆ ತಲೆ ಕೆಡಿಸಿಕೊಳ್ಳಬೇಡಿ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ವಾಸನೆ ನೋಡಿ. ಕೂಲೆಂಟ್ ಸುಟ್ಟರೆ ಸಿಹಿ ವಾಸನೆ. ಕಣ್ಣುರಿಯುವ ಡೀಸೆಲ್ ವಾಸನೆ ಬಂದರೆ ಅದು ಹೆಚ್ಚಾಗಿ ಗ್ಲೋ ಪ್ಲಗ್ (ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಕಡ್ಡಿ) ಅಥವಾ ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ಭಾಗ) ಕಡೆಯ ತೊಂದರೆ, ಗ್ಯಾಸ್ಕೆಟ್‌ಗೆ ಸಂಬಂಧ ಕಡಿಮೆ. ಆಯಿಲ್ ಮುಚ್ಚಳದ ಒಳಗೆ ಕೆನೆ ತರ ಬೆಳ್ಳಗೆ ಕಟ್ಟಿದೆ ಅಂತ ಫೋಟೋ ಕಳಿಸಿ ಹೆದರಿಸುವವರೂ ಇದ್ದಾರೆ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಸಣ್ಣ ಓಡಾಟ ಮಾಡುವ ಕಾರಿನಲ್ಲಿ ತೇವಾಂಶಕ್ಕೇ ಅದು ಕಟ್ಟುತ್ತದೆ. ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿ. ಅಲ್ಲೂ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಒಳಗೆ ಇಳಿದಿದೆ ಅಂತ ತಿಳಿಯಿರಿ.

ಕೂಲೆಂಟ್ ಇಳಿಯುತ್ತದೆ, ಕೆಳಗೆ ಎಲ್ಲೂ ಸೋರಿದ ಗುರುತಿಲ್ಲ ಅಂದಿದ್ದೀರಿ. ಹಾಗಂತ ಅದು ಹೆಡ್ ಗ್ಯಾಸ್ಕೆಟ್ಟೇ ಅಂತ ಹೇಳೋಕೆ ಆಗಲ್ಲ. ವಾಟರ್ ಪಂಪ್ ಬಿಸಿಯಿದ್ದಾಗ ಮಾತ್ರ ಹನಿಸಿ, ಆ ನೀರು ಅಲ್ಲೇ ಆರಿಹೋಗಬಹುದು. ಒಳಗಿನ ಹೀಟರ್ ಸೋರಿದರೆ ಕಾಲ ಕೆಳಗಿನ ಮ್ಯಾಟ್ ಒದ್ದೆಯಾಗುತ್ತದೆ, ಗಾಜು ಮಂಜು ಹಿಡಿಯುತ್ತದೆ. ಎಲ್ಲರೂ ಮರೆಯುವುದು ಇಜಿಆರ್ ಕೂಲರ್. ಹೊಗೆಯ ಒಂದು ಪಾಲನ್ನು ತಣ್ಣಗೆ ಮಾಡಿ ಮತ್ತೆ ಎಂಜಿನ್ನಿಗೆ ಕಳಿಸುವ ಸಣ್ಣ ಡಬ್ಬಿ ಅದು, ಒಳಗೆ ಕೂಲೆಂಟ್ ಓಡುತ್ತದೆ. ಅದು ಒಳಗೇ ತೂತಾದರೆ ಕೂಲೆಂಟ್ ಇಳಿಯುತ್ತದೆ, ಬಿಳಿ ಹೊಗೆ ಬರುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ನೀವು ಬರೆದದ್ದೂ ಇದೇ ಅಲ್ವಾ? ಹೆಡ್ ಬಿಚ್ಚುವ ಮುಂಚೆ ಈ ಕೂಲರನ್ನು ಬೇರೆ ಮಾಡಿ ಪರೀಕ್ಷೆ ಮಾಡಬಹುದು, ಹೆಡ್ ಕೆಲಸಕ್ಕೆ ಹೋಲಿಸಿದರೆ ಅದು ಸಣ್ಣ ಕೆಲಸ. ಕೂಲೆಂಟ್ ಹಾಕುವ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಮುಚ್ಚಳವನ್ನೂ ನೋಡಿಸಿ. ಅದು ಒತ್ತಡ ಹಿಡಿಯದಿದ್ದರೆ ಘಾಟಿ ಹತ್ತುವಾಗ ಕೂಲೆಂಟ್ ಬೇಗ ಕುದಿದು ಆಚೆ ಉಕ್ಕುತ್ತದೆ. ರೇಡಿಯೇಟರಿನ ಮುಂದೆ ಕೆಸರು, ಹುಳ, ಒಣಗಿದ ಎಲೆ ಕಟ್ಟಿಕೊಂಡಿದೆಯಾ, ಫ್ಯಾನ್ ತಿರುಗುತ್ತಾ ಅಂತಲೂ ನೋಡಬೇಕು. ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಕಾರುಗಳ ಫ್ಯಾನ್ ವೈರನ್ನು ಇಲಿ ಕಡಿಯುವುದು ಹೊಸದೇನಲ್ಲ.

ಇದೆಲ್ಲ ಯಾಕೆ ಮುಖ್ಯ ಅಂದರೆ, ಹೀಟ್ ಆದದ್ದಕ್ಕೆ ಕಾರಣ ಸಿಗದೆ ಹೊಸ ಹೆಡ್ ಹಾಕಿಸಿದರೆ ಮುಂದಿನ ಸಲ ಅದೇ ಘಾಟಿಯಲ್ಲಿ ಅದೂ ಹೋಗುತ್ತದೆ. ನಿಮ್ಮ ಎಸ್ಟಿಮೇಟಿನ ಫೋಟೋದಲ್ಲಿ ಹೆಡ್ ಇದೆ, ಹಾಫ್ ಎಂಜಿನ್ ಇದೆ, ಗ್ಯಾಸ್ಕೆಟ್ ಸೆಟ್ ಇದೆ. ರೇಡಿಯೇಟರಿಗೆ ಕೂಲೆಂಟ್ ಬಿಡುವ ಥರ್ಮೋಸ್ಟಾಟ್ ಇಲ್ಲ, ವಾಟರ್ ಪಂಪ್ ಇಲ್ಲ, ರೇಡಿಯೇಟರ್ ಕ್ಲೀನಿಂಗ್ ಇಲ್ಲ. ಇದನ್ನು ನೋಡಿಯೇ ನನಗೆ ಅನುಮಾನ ಬಂದದ್ದು. ಹೀಟ್ ಯಾಕಾಯಿತು ಅಂತ ಅಲ್ಲಿ ಯಾರೂ ಕೇಳಿಕೊಂಡಂತೆ ಕಾಣುವುದಿಲ್ಲ.

ಮಾಡಿಸಬೇಕಾದ ಟೆಸ್ಟ್ ಮೂರು, ಮೂರಕ್ಕೂ ಎಂಜಿನ್ ಬಿಚ್ಚಬೇಕಾಗಿಲ್ಲ. ಒಂದು, ಕೂಲಿಂಗ್ ಪ್ರೆಷರ್ ಟೆಸ್ಟ್. ಟ್ಯಾಂಕಿನ ಬಾಯಿಗೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು, ಕಾಲು ಗಂಟೆ ಮುಳ್ಳು ನೋಡುತ್ತಾ ಕೂರುವುದು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಹೊರಗೆ ಕಾಣದಿದ್ದರೆ ಒಳಗೆ.

ಎರಡನೆಯದು ನನಗೆ ಬಹಳ ಇಷ್ಟದ್ದು. ಗಾಜಿನ ಕೊಳವೆಯಲ್ಲಿ ನೀಲಿ ದ್ರವ ಹಾಕಿ ಟ್ಯಾಂಕಿನ ಬಾಯಿಗೆ ಒತ್ತಿ ಹಿಡಿದು, ಎಂಜಿನ್ ಓಡಿಸಿ, ಮೇಲಿನ ರಬ್ಬರ್ ಬುರುಡೆ ಹಿಚುಕುತ್ತಾರೆ. ಟ್ಯಾಂಕಿನೊಳಗಿನ ಗಾಳಿ ಗುಳುಗುಳು ಅಂತ ಆ ನೀಲಿಯ ಮೂಲಕ ಹಾಯುತ್ತದೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದ್ದರೆ ನೀಲಿ ಬಣ್ಣ ನಿಮ್ಮ ಕಣ್ಣೆದುರೇ ಹಸಿರಿಗೋ ಹಳದಿಗೋ ತಿರುಗುತ್ತದೆ. ನೀಲಿಯಾಗಿಯೇ ಉಳಿದರೆ ಗ್ಯಾಸ್ಕೆಟ್ ಮೇಲಿನ ಅನುಮಾನ ಅರ್ಧಕ್ಕರ್ಧ ಇಳಿಯುತ್ತದೆ. ಪೂರ್ತಿ ಅಲ್ಲ, ಯಾಕೆಂದರೆ ಸಣ್ಣ ಲೀಕು ಲೋಡ್ ಬಿದ್ದಾಗ ಮಾತ್ರ ತೆರೆದುಕೊಳ್ಳಬಹುದು. ಈ ಟೆಸ್ಟ್ ಮಾಡುವಾಗ ನೀವೇ ಪಕ್ಕದಲ್ಲಿ ನಿಂತಿರಿ, ವಿಡಿಯೋ ಮಾಡಿಕೊಳ್ಳಿ.

ಮೂರನೆಯದು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವುದು. ಡೀಸೆಲ್‌ನಲ್ಲಿ ಗ್ಲೋ ಪ್ಲಗ್ ತೆಗೆದು ಅದೇ ತೂತಿಗೆ ಗೇಜ್ ಹಾಕುತ್ತಾರೆ. ಆರೋಗ್ಯವಾಗಿರುವ ಡೀಸೆಲ್ ಎಂಜಿನ್ನಿನಲ್ಲಿ ಸುಮಾರು 350ರಿಂದ 450 ಪಿಎಸ್‌ಐ ಒತ್ತಡ ಬರಬೇಕು. ಅದಕ್ಕಿಂತ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಹೆಚ್ಚು ಮುಖ್ಯ. ಪಕ್ಕಪಕ್ಕದ ಎರಡರಲ್ಲಿ ಮಾತ್ರ ರೀಡಿಂಗ್ ಬಿದ್ದಿದ್ದರೆ ಅವುಗಳ ಮಧ್ಯೆ ಗ್ಯಾಸ್ಕೆಟ್ ಸುಟ್ಟಿರಬಹುದು. ನಾಲ್ಕೂ ಸರಿಸಮ ಚೆನ್ನಾಗಿದ್ದರೆ ಪಿಸ್ಟನ್, ರಿಂಗು, ಬೋರು (ಸಿಲಿಂಡರಿನ ಒಳಗೋಡೆ) ಸರಿಯಿದೆ, ಅಂದರೆ ಹಾಫ್ ಎಂಜಿನ್ನಿನ ಮಾತು ಅಲ್ಲಿಗೆ ಮುಗಿಯಿತು. ನಿಮ್ಮ ಎಸ್ಟಿಮೇಟಿನ ದೊಡ್ಡ ಮೊತ್ತ ನಿಂತಿರುವುದೇ ಈ ಒಂದು ರೀಡಿಂಗ್ ಮೇಲೆ, ಅದನ್ನೇ ತೆಗೆದಿಲ್ಲ.

ಏರಿನಲ್ಲಿ ಎಳೆಯದೇ ಇರುವುದು ಬೇರೆ ತೊಂದರೆಯೂ ಇರಬಹುದು. ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೊದ ಹೋಸ್ ಬಿರಿದರೂ ಹಾಗೇ ಆಗುತ್ತದೆ, ಆಗ ಹೊಗೆ ಕಪ್ಪು. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದಾಗ ಬಂದ ಕೋಡನ್ನು ಬರೆದುಕೊಂಡು ಬನ್ನಿ. ಪಿ0299 ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ, ಪಿ0087 ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಕೊಡುವ ಪೈಪಿನಲ್ಲಿ ಒತ್ತಡ ಕಡಿಮೆ. ಕೋಡ್ ತೊಂದರೆ ಎಲ್ಲಿ ಕಾಣಿಸುತ್ತಿದೆ ಅಂತ ಹೇಳುತ್ತದೆಯೇ ಹೊರತು ಯಾವ ಪಾರ್ಟ್ ಬದಲಾಯಿಸಬೇಕು ಅಂತ ಹೇಳುವುದಿಲ್ಲ.

ಶೋರೂಮಿನವರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಸುಳ್ಳೇ ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಅಲ್ಲಿ ರಿಪೇರಿ ಅಂದರೆ ಅಸೆಂಬ್ಲಿ ಬದಲಾಯಿಸುವುದು. ಹೆಡ್ಡನ್ನು ಲೇತಿಗೆ ಕಳಿಸಿ ಫೇಸಿಂಗ್ (ಕೆರೆದು ಸಮತಟ್ಟು) ಮಾಡಿಸಿದರೆ ಆ ಕೆಲಸಕ್ಕೆ ಅವರು ವಾರಂಟಿ ಕೊಡೋಕೆ ಆಗಲ್ಲ, ಹಾಗಾಗಿ ಆ ದಾರಿಯನ್ನೇ ಹೇಳುವುದಿಲ್ಲ. ಗ್ಯಾಸ್ಕೆಟ್ ಮಾತ್ರ ಹಾಕಿಕೊಟ್ಟು ಮತ್ತೆ ಹೀಟ್ ಆದರೆ ಬೈಗುಳ ತಿನ್ನುವವರೂ ಅವರೇ. ಇನ್ನೊಂದು ಕಡೆ, ಈ ಥ್ರೆಡ್‌ನಲ್ಲಿ ಒಬ್ಬರು "ನಮ್ಮ ಮೇಸ್ತ್ರಿ 15 ಸಾವಿರದಲ್ಲಿ ಮುಗಿಸ್ತಾನೆ" ಅಂದಿದ್ದಾರಲ್ಲ, ಅವರೂ ಕಾರು ನೋಡಿಲ್ಲ. ಟೆಸ್ಟ್ ಇಲ್ಲದೆ ಹೇಳಿದ 15 ಸಾವಿರವನ್ನೂ ನಾನು ನಂಬುವುದಿಲ್ಲ.

ಟೆಸ್ಟ್‌ನಲ್ಲಿ ಗ್ಯಾಸ್ಕೆಟ್ ಹೋಗಿದೆ ಅಂತ ಖಚಿತವಾದರೆ ಹೆಡ್ ಬಿಚ್ಚಲೇಬೇಕು. ಆಗ ಜಾಬ್ ಕಾರ್ಡಿನಲ್ಲಿ (ಶೋರೂಮಿನವರು ಕೆಲಸ ಬರೆದುಕೊಳ್ಳುವ ಚೀಟಿ) ಬರೆಸಿ: ಹೆಡ್ ಬಿಚ್ಚಿ ಅಳತೆ ತೆಗೆಯುವವರೆಗೆ ಮಾತ್ರ ಒಪ್ಪಿಗೆ, ಮುಂದಿನದಕ್ಕೆ ಮತ್ತೆ ಕೇಳಬೇಕು. ಬಿಚ್ಚುವ ಚಾರ್ಜ್ ಎಷ್ಟು, ಅಲ್ಲೇ ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರಾ ಅಂತಲೂ ಬರೆಸಿ. ಹಳೆ ಪಾರ್ಟುಗಳು ನಿಮಗೆ ವಾಪಸ್ ಬೇಕು ಅಂತ ಮೊದಲೇ ಹೇಳಿ. ಹೆಡ್ ಬಿಚ್ಚಿದ ದಿನ ಹೋಗಲೇಬೇಕು, ಅಡಿಕೆ ಸುಲಿಯೋ ಕೆಲಸ ಇದ್ದರೂ. ಹೆಡ್ಡನ್ನು ಬೆಂಚಿನ ಮೇಲೆ ಮಗುಚಿ, ಮಸಿ ಕೆರೆದು, ಸ್ಟ್ರೈಟ್ ಎಡ್ಜ್ ಪಟ್ಟಿಯನ್ನು ಅಡ್ಡಡ್ಡ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಇಡುತ್ತಾರೆ. ಅದರ ಕೆಳಗೆ ಫೀಲರ್ ಗೇಜಿನ ತೆಳು ಎಲೆ ತೂರಿಸುತ್ತಾರೆ. ಬೆಂಡ್ ಇದ್ದರೆ ಎಲ್ಲೋ ಒಂದು ಕಡೆ ಎಲೆ ಸಲೀಸಾಗಿ ಜಾರುತ್ತದೆ, ಸಾಮಾನ್ಯವಾಗಿ ಎರಡು ಸಿಲಿಂಡರುಗಳ ಮಧ್ಯೆ. ಎಷ್ಟು ದಪ್ಪದ ಎಲೆ ಹೋಯಿತು, ಕಂಪನಿಯ ಮ್ಯಾನ್ಯುವಲ್‌ನಲ್ಲಿ ಎಷ್ಟರವರೆಗೆ ನಡೆಯುತ್ತದೆ ಅಂತ ಇದೆ, ಎರಡನ್ನೂ ಅಲ್ಲೇ ಕೇಳಿ. ಬಿರುಕು ಬಿಟ್ಟಿದೆ ಅಂದರೆ ಬಿರುಕನ್ನು ತೋರಿಸಲಿ.

ಫೇಸಿಂಗ್ ವಿಷಯದಲ್ಲಿ ಎಚ್ಚರ. ಡೀಸೆಲ್ ಹೆಡ್ಡನ್ನು ಮನಸ್ಸಿಗೆ ಬಂದಷ್ಟು ಕೆರೆಯುವ ಹಾಗಿಲ್ಲ. ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗ ಕಡಿಮೆಯಾಗುತ್ತದೆ. ಕೆಲವು ಡೀಸೆಲ್ ಎಂಜಿನ್ನಿಗೆ ಫೇಸಿಂಗ್ ಮಾಡಲೇಬಾರದು ಅಂತ ಕಂಪನಿಯೇ ಹೇಳಿರುತ್ತದೆ. ಎಷ್ಟೋ ಡೀಸೆಲ್‌ಗಳಲ್ಲಿ ಗ್ಯಾಸ್ಕೆಟ್ಟೂ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಲೇತಿನವರಿಗೆ ಇದು ಗೊತ್ತಿಲ್ಲದಿದ್ದರೆ ಆ ಲೇತು ಬೇಡ. ಹೆಡ್ ಬೋಲ್ಟ್ ಹೊಸದೇ ಹಾಕಿಸಿ. ಬಿಗಿ ಮಾಡುವಾಗ ಹಿಗ್ಗುವ ಜಾತಿಯ ಬೋಲ್ಟುಗಳು ಅವು, ಎರಡನೇ ಸಲಕ್ಕೆ ಆಗಿಬರುವುದಿಲ್ಲ.

ಶೋರೂಮಿನವರು ಟೆಸ್ಟ್‌ಗೆ ಒಪ್ಪದಿದ್ದರೆ ಅಲ್ಲಿಯವರೆಗಿನ ಚಾರ್ಜ್ ಕೊಟ್ಟು, ರಸೀದಿ ತಗೊಂಡು, ಕಾರನ್ನು ಟೋ ಮಾಡಿಸಿ. ದಯವಿಟ್ಟು ಓಡಿಸಿಕೊಂಡು ಹೋಗಬೇಡಿ. ಗ್ಯಾರೇಜುಗಳಿರುವ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ನಿಮ್ಮ ಊರಿನ ದಾರಿಯಲ್ಲೇ ಸಿಗುತ್ತದೆ. ನಿಮ್ಮದು 1248 ಸಿಸಿಯ ಫಿಯಟ್ ಮಲ್ಟಿಜೆಟ್ ಎಂಜಿನ್ ಆದರೆ ನಿಮ್ಮ ಪುಣ್ಯ. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೊ ಎಲ್ಲದರಲ್ಲೂ ಅದೇ ಇತ್ತು. ಹಾಗಾಗಿ ಕೈ ಪಳಗಿದವರೂ ಇದ್ದಾರೆ, ಬಿಡಿಭಾಗಕ್ಕೂ ಬರವಿಲ್ಲ.

ನಿಜಕ್ಕೂ ಬ್ಲಾಕ್ ಹೋಗಿದ್ದರೆ ಲೆಕ್ಕವೇ ಬೇರೆ. ಆಗ ಸೆಕೆಂಡ್ ಹ್ಯಾಂಡ್ ಎಂಜಿನ್ ಹಾಕಿಸಿ ಅಂತ ಹೇಳುವವರು ಬರುತ್ತಾರೆ. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಬ್ಲಾಕ್ ಬದಲಾದರೆ ನಿಮ್ಮ ಆರ್‌ಸಿಯಲ್ಲಿ ಇರುವ ನಂಬರಿಗೂ ಕಾರಿಗೂ ತಾಳೆಯಾಗುವುದಿಲ್ಲ. ಬಿಲ್ಲು, ಆ ಎಂಜಿನ್ ಮೊದಲು ಇದ್ದ ಗಾಡಿಯ ದಾಖಲೆ ಇಟ್ಟುಕೊಂಡು ಆರ್‌ಟಿಒದಲ್ಲಿ ಬದಲಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ನಾಳೆ ಇನ್ಶೂರೆನ್ಸ್ ಕ್ಲೇಮಿಗೂ ಮಾರಾಟಕ್ಕೂ ತೊಂದರೆ. ಬಿಲ್ಲಿಲ್ಲದ ಎಂಜಿನ್ ಎಷ್ಟೇ ಸಸ್ತಾ ಸಿಕ್ಕರೂ ಮುಟ್ಟಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಹೆಡ್ ಮಾತ್ರ ಆದರೆ ಮಾಡಿಸಿ ಇಟ್ಟುಕೊಳ್ಳಿ, 2029ರ ತನಕ ಆರ್‌ಸಿ ಇದೆ. ಬ್ಲಾಕೂ ಹೋಗಿದ್ದರೆ ಇದ್ದ ಹಾಗೇ ಮಾರುವುದು ಒಳ್ಳೆಯದು. 1.85 ಲಕ್ಷ ಹಾಕಿದರೂ ಮಾರುವಾಗ ಅದು ವಾಪಸ್ ಬರುವುದಿಲ್ಲ.

ಇನ್ಶೂರೆನ್ಸ್ ಸಿಗುತ್ತಾ ಅಂತ ಕೇಳಿದ್ದೀರಿ. ಹೀಟ್ ಆಗಿ ಹೋದದ್ದನ್ನು ಮೆಕ್ಯಾನಿಕಲ್ ತೊಂದರೆ ಅಂತ ಲೆಕ್ಕ ಹಾಕುತ್ತಾರೆ, ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದಿಲ್ಲ. ಉಳಿದವರಿಗೆ: ಹೊಳೆ ನೀರು ನುಗ್ಗಿದ ಕಾರನ್ನು ಸ್ಟಾರ್ಟ್ ಮಾಡಲೇಬೇಡಿ. ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇಲ್ಲದಿದ್ದರೆ ಆ ಖರ್ಚು ಪೂರ್ತಿ ನಿಮ್ಮ ತಲೆಗೆ.

ಎಸ್ಟಿಮೇಟಿನಲ್ಲಿ ಜಿಎಸ್‌ಟಿ ಕಾಲಂ ಕೂಡ ನೋಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಕ್ಕೆ ಶೇ. 18 ಮಾತ್ರ. ಶೇ. 28 ಅಂತ ಇದ್ದರೆ ಹಳೆ ರೇಟು. ನಿಮ್ಮ ಒಪ್ಪಿಗೆ ಇಲ್ಲದೆ ಬಿಚ್ಚಿದರೆ, ಅಥವಾ ಹಳೆ ಪಾರ್ಟ್ ಕೊಡಲು ತಕರಾರು ಮಾಡಿದರೆ, ಮೊದಲು ಕಾರು ಕಂಪನಿಗೆ ಇಮೇಲ್ ಹಾಕಿ, ಆಮೇಲೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಅಲ್ಲಿ ಬಾಯಿ ಮಾತು ನಡೆಯುವುದಿಲ್ಲ, ಅದಕ್ಕೇ ಎಲ್ಲವನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ ಅಂದದ್ದು.

ನಾಳೆ ಮೂರು ಟೆಸ್ಟ್‌ನ ರೀಡಿಂಗ್ ಸಿಕ್ಕರೆ ಇಲ್ಲೇ ಹಾಕಿ, ನಾಲ್ಕು ಸಿಲಿಂಡರಿನದೂ ಬೇರೆ ಬೇರೆಯಾಗಿ. ಎಸ್ಟಿಮೇಟಿನ ಎರಡನೇ ಪುಟದ ಫೋಟೋ ಮಸುಕಾಗಿದೆ, ಪಾರ್ಟ್ ನಂಬರ್ ಕಾಣುವ ಹಾಗೆ ಇನ್ನೊಂದು ಕಳಿಸಿ. ಚಾಸಿಸ್ ನಂಬರ್, ಫೋನ್ ನಂಬರ್ ಇರುವಲ್ಲಿ ಬೆರಳು ಅಡ್ಡ ಇಟ್ಟು ತೆಗೀರಿ ಮಾರಾಯ್ರೆ, ಈ ಗುಂಪಿನಲ್ಲಿ ಸಾವಿರಾರು ಜನ ಇದ್ದಾರೆ.