.30-06 ಕೋವಿಯನ್ನು .308ಕ್ಕೆ ಬದಲಾಯಿಸುವ ಬಗ್ಗೆ

ಅಣ್ಣ, ತೋಟಕ್ಕೆ ನುಗ್ಗುವ ಕಾಡುಹಂದಿಗೆ ಹೊಡೆಯಬೇಕು, ಆದರೆ ತಂದೆಯವರ ಕಾಲದ .30-06 ರೈಫಲಿಗೆ ತೋಟೆ ಸಿಗುವುದು ಕಷ್ಟವಾಗಿದೆ, ಪರಿಚಯದ ಲೇತ್ ಅಂಗಡಿಯವರು ಅದನ್ನು .308 ತೋಟೆಗೆ ಬದಲಾಯಿಸಿ ಕೊಡುತ್ತಾರಂತೆ, ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ.

ಇದು ಸುಲಭದ ಕೆಲಸ ಎಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡು ತೋಟೆಗಳ ಗುಂಡಿನ ದಪ್ಪ ಒಂದೇ, ಹಿತ್ತಾಳೆ ಕವಚದ ಬುಡದ ಅಳತೆಯೂ ಒಂದೇ. ತೋಟೆಯನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್ ಬದಲಾಯಿಸಬೇಕಿಲ್ಲ. ಕವಚದ ಉದ್ದ ಮಾತ್ರ 63 ಮಿಲಿಮೀಟರಿನಿಂದ 51ಕ್ಕೆ ಇಳಿಯುತ್ತದೆ. ತೊಡಕಿರುವುದು ಈ ಉದ್ದದಲ್ಲಿಯೇ. ನಳಿಗೆಯಲ್ಲಿ ತೋಟೆ ಕೂರುವ ಕುಳಿ, ಅಂದರೆ ಛೇಂಬರ್, ಗಿಡ್ಡವಿದ್ದರೆ ಕೊರೆದು ಉದ್ದ ಮಾಡಬಹುದು. ಈಗಾಗಲೇ ಉದ್ದಕ್ಕೆ ಕೊರೆದಿರುವ ಉಕ್ಕನ್ನು ಮರಳಿ ತುಂಬಿಸಲು ಬರುವುದಿಲ್ಲ. .308ರ ಭುಜ, ಅಂದರೆ ಕವಚ ಕಿರಿದಾಗುವ ಜಾಗ, .30-06ರ ಭುಜಕ್ಕಿಂತ ಸುಮಾರು 10 ಮಿಲಿಮೀಟರ್ ಹಿಂದಿದೆ. ಈ ಅಳತೆಯಲ್ಲಿ ಕಾರ್ಖಾನೆಯವರು ಬಿಡುವ ವ್ಯತ್ಯಾಸ ಕಾಲು ಮಿಲಿಮೀಟರಿನಷ್ಟು ಮಾತ್ರ. ಹಳೆಯ ಉದ್ದದ ಛೇಂಬರಿನಲ್ಲಿ ಗಿಡ್ಡ ತೋಟೆಯ ಭುಜಕ್ಕೆ ಆಸರೆಯೇ ಇರುವುದಿಲ್ಲ. ಆ ಜಾಗದಲ್ಲಿ ಹಿತ್ತಾಳೆ ಉಬ್ಬಿ ಸೀಳಿದರೆ ಸುಡುವ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ನಿಮ್ಮ ಕಣ್ಣು. "ಹೇಗೂ ಒಳಗೆ ಹೋಗುತ್ತದೆ, ಒಮ್ಮೆ ಹೊಡೆದು ನೋಡೋಣ" ಎಂದು ಯಾರಾದರೂ ಹೇಳಿದರೂ ಒಪ್ಪಬೇಡಿ.

ಛೇಂಬರಿನೊಳಗೆ ಉಕ್ಕಿನ ಬಳೆ ಕೂರಿಸಿದರಾಯಿತಲ್ಲ ಎಂದು ಒಬ್ಬರು ಕೇಳಿದ್ದಾರೆ. ಅಮೆರಿಕದ ನೌಕಾಪಡೆ 1960ರ ದಶಕದಲ್ಲಿ ತನ್ನ .30-06 ಗರಾಂಡ್ ಕೋವಿಗಳನ್ನು ಬಹುತೇಕ .308ರಂತೆಯೇ ಇರುವ ಸೇನೆಯ 7.62 ನೇಟೋ ತೋಟೆಗೆ ಬದಲಾಯಿಸಲು ಮೊದಲು ಇದನ್ನೇ ಮಾಡಿತು. ಕೆಲವು ಕೋವಿಗಳಲ್ಲಿ ಖಾಲಿ ಕವಚದ ಜೊತೆ ಆ ಬಳೆಯೂ ಕಿತ್ತು ಹೊರಗೆ ಬಂತು. ಕೊನೆಗೆ ಹೊಸ ನಳಿಗೆಗಳನ್ನೇ ಹಾಕಿಸಬೇಕಾಯಿತು.

ನಮ್ಮ ದೇಶದ್ದೇ ಉದಾಹರಣೆಯೂ ಇದೆ. 1962ರ ಚೀನಾ ಯುದ್ಧದ ಬಳಿಕ ಪಶ್ಚಿಮ ಬಂಗಾಳದ ಇಛಾಪುರದ ಸರಕಾರಿ ರೈಫಲ್ ಕಾರ್ಖಾನೆ ಸೇನೆಯ ಹಳೆಯ .303 ಕೋವಿಯ ಮಾದರಿಯಲ್ಲಿ 7.62 ಮಿಲಿಮೀಟರಿನ 2ಎ ರೈಫಲ್ ತಯಾರಿಸಿತು. ಅಲ್ಲಿಯೂ ತೋಟೆ ಉದ್ದದಿಂದ ಗಿಡ್ಡಕ್ಕೆ ಬಂದದ್ದೇ, ಆದರೆ ಒತ್ತಡ ಹೆಚ್ಚು. ಅವರು ಹಳೆಯ ಕೋವಿಗಳನ್ನು ತಿದ್ದಲು ಹೋಗಲಿಲ್ಲ. ಹೆಚ್ಚು ಗಟ್ಟಿಯಾದ ಉಕ್ಕಿನಿಂದ ಹೊಸದಾಗಿಯೇ ಮಾಡಿದರು. ಕವಚ ಎಳೆಯುವ ಕೊಕ್ಕೆ, ಮ್ಯಾಗಜೀನ್ ಎರಡನ್ನೂ ಬದಲಾಯಿಸಿದರು. ಒಂದು ಇಡೀ ಕಾರ್ಖಾನೆ ಇಷ್ಟು ಎಚ್ಚರ ವಹಿಸಿದ ಕೆಲಸವನ್ನು ಪಂಪಿನ ಶಾಫ್ಟ್ ತಿರುಗಿಸುವ ಲೇತಿನಲ್ಲಿ ಮಾಡಿಸುವುದು ಬೇಡ.

ಸರಿಯಾದ ದಾರಿ ಒಂದೇ: .308ರ ಹೊಸ ನಳಿಗೆ, ಅದನ್ನು ಕೂರಿಸಿದ ಮೇಲೆ ಗೇಜ್ ಹಾಕಿ ಅಳತೆ, ಆಮೇಲೆ ಹೆಚ್ಚಿನ ಒತ್ತಡದ ತೋಟೆಯಿಂದ ಪ್ರೂಫ್ ಪರೀಕ್ಷೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿಯನ್ನು ಪರಿವರ್ತಿಸುವುದಕ್ಕೂ ರಿಪೇರಿಗೂ ಪರವಾನಗಿ ಬೇಕು. ಲೇತಿನವರಿಗೆ ಅದಿಲ್ಲದಿದ್ದರೆ ಅವರೂ ಕೇಸಿನಲ್ಲಿ ಸಿಕ್ಕಿಬೀಳುತ್ತಾರೆ, ನೀವೂ ಸಿಕ್ಕಿಬೀಳುತ್ತೀರಿ. ನಿಮ್ಮ ಲೈಸೆನ್ಸಿನಲ್ಲಿ ಬರೆದಿರುವುದು .30-06, ಬೇರೆ ತೋಟೆಗೆ ಬದಲಾಯಿಸಿದ ಕೋವಿ ಮನೆಯಲ್ಲಿ ಸಿಕ್ಕರೆ ಆ ಕಾಗದ ನಿಮ್ಮನ್ನು ಕಾಯುವುದಿಲ್ಲ. ಅದಕ್ಕಿಂತ ಮೊದಲಿನ ಮಾತು, ಲೈಸೆನ್ಸ್ ನಿಮ್ಮ ಹೆಸರಿಗೆ ಆಗಿದೆಯೇ? ತಂದೆಯವರ ಹೆಸರಿನಲ್ಲೇ ಉಳಿದಿದ್ದರೆ ತೋಟೆಯ ವಿಚಾರ ಬದಿಗಿಟ್ಟು ಆ ಕೆಲಸ ಮುಗಿಸಿ.

ಇನ್ನು ಹಂದಿಯ ವಿಚಾರ. ಬಾಳೆ, ಮರಗೆಣಸು ಒಂದೇ ರಾತ್ರಿಯಲ್ಲಿ ನೆಲಸಮವಾಗುವ ಸಂಕಟ ನಮ್ಮ ಕಾಸರಗೋಡಿನ ಕಡೆ ಯಾರಿಗೂ ಹೊಸತಲ್ಲ. ಕೇರಳ ಸರಕಾರ 2022ರಲ್ಲಿ ತೋಟಕ್ಕೆ ಬರುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ವಹಿಸಿತು. ಹೊಡೆಯುವವರ ಬಳಿ ಲೈಸೆನ್ಸಿರುವ ಕೋವಿ ಇರಬೇಕು. ವಿಷ, ಸ್ಫೋಟಕ, ವಿದ್ಯುತ್ ತಂತಿ ಬಳಸುವಂತಿಲ್ಲ. ಮೊದಲು ಪಂಚಾಯತಿಗೆ ಅರ್ಜಿ ಕೊಡಿ, ಈಗಿನ ಷರತ್ತುಗಳನ್ನೂ ಅಲ್ಲಿಯೇ ಕೇಳಿಕೊಳ್ಳಿ. ಒತ್ತೊತ್ತಾಗಿ ಮನೆಗಳಿರುವ ನಮ್ಮ ಗುಡ್ಡದ ಬದಿಯಲ್ಲಿ ಕಿಲೋಮೀಟರುಗಟ್ಟಲೆ ದೂರ ಹೋಗುವ ರೈಫಲ್ ಗುಂಡನ್ನು ರಾತ್ರಿ ಹಾರಿಸುವುದು ನನಗಂತೂ ಒಪ್ಪಿಗೆಯಿಲ್ಲ, ಅದು .30-06 ಆಗಲಿ .308 ಆಗಲಿ.

ಇಛಾಪುರದ ಕಾರ್ಖಾನೆ .30-06 ರೈಫಲನ್ನೂ ತಯಾರಿಸಿದೆ. ಆದ್ದರಿಂದ ತೋಟೆಗಾಗಿ ಕಾಸರಗೋಡಿನಲ್ಲಷ್ಟೇ ಅಲ್ಲ, ಕಣ್ಣೂರು, ಕೋಝಿಕ್ಕೋಡಿನ ಅಧಿಕೃತ ಡೀಲರರಲ್ಲಿಯೂ ವಿಚಾರಿಸಿ, ಲೈಸೆನ್ಸ್ ತೋರಿಸಿ ಹೆಸರು ಬರೆಸಿಟ್ಟು ಬನ್ನಿ.