ಅಳುವಾಗ ಕೈ ಸೋತಿತು, ಸಿಟಿ ನಾರ್ಮಲ್: ಎಂಆರ್‌ಐ ಬೇಕೇ?

ಪ್ರಶ್ನೆ: ನಮ್ಮ ಮಗಳಿಗೆ 5 ವರ್ಷ. ಹಟ ಮಾಡಿ ಜೋರಾಗಿ ಅಳುತ್ತಿದ್ದಾಗ ಬಲಗೈ ಸೋತು ಬಾಯಿ ಸೊಟ್ಟಗಾಯಿತು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಸಿಟಿ ಸ್ಕ್ಯಾನ್ ನಾರ್ಮಲ್ ಇದೆ. ಆದರೂ ಕಲಬುರಗಿಗೆ ಹೋಗಿ ಎಂಆರ್‌ಐ ಮಾಡಿಸಿ ಎನ್ನುತ್ತಾರೆ. ಮಲಗಿಸಲು ಇಂಜೆಕ್ಷನ್ ಕೊಡುತ್ತಾರಂತೆ, ಹೆದರಿಕೆಯಾಗಿದೆ.
– ಓದುಗರೊಬ್ಬರು, ಶಹಾಪುರ

ಉತ್ತರ: ಬೇಕೇ ಬೇಕು, ಅದೂ ತಡವಿಲ್ಲದೆ. ಕೈ ಸರಿಹೋಯಿತು, ನಿಜ. ಯಾಕೆ ಸೋತಿತು ಎಂಬುದು ಇನ್ನೂ ಗೊತ್ತಾಗಿಲ್ಲವಲ್ಲ. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಸಿಟಿಯಲ್ಲಿ ಬೇಗ ಕಾಣುತ್ತದೆ. ರಕ್ತ ಸಿಗದೆ ಕೆಟ್ಟ ಚಿಕ್ಕ ಭಾಗ ಮೊದಮೊದಲು ಕಾಣದೇ ಹೋಗಬಹುದು. ಎಂಆರ್‌ಐನ ಡಿಫ್ಯೂಷನ್ ಚಿತ್ರದಲ್ಲಿ ಅದು ಕೆಲವೇ ಗಂಟೆಗಳಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಎರಡು ವಾರ ಬಿಟ್ಟು ಹೋದರೆ ಮಂಕಾಗಿರುತ್ತದೆ.

ಅಳುವಾಗಲೇ ಆಯಿತೆಂಬುದು ದೊಡ್ಡ ಸುಳಿವು, ಡಾಕ್ಟರಿಗೆ ತಪ್ಪದೆ ಹೇಳಿ. ಮೊಯಮೊಯ ಎಂಬ ಕಾಯಿಲೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳದ ತುದಿ ಸಣ್ಣಗಾಗುತ್ತ ಹೋಗುತ್ತದೆ. ಮಗು ಬಿಕ್ಕಿ ಬಿಕ್ಕಿ ಅತ್ತಾಗ, ಬಿಸಿ ಸಾರು ಊದಿಕೊಂಡಾಗ ಉಸಿರಾಟ ಹೆಚ್ಚಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ನಾಳಗಳು ಮುದುಡುತ್ತವೆ, ಮೊದಲೇ ಕಡಿಮೆಯಿದ್ದ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ. ನಿಮ್ಮ ಮಗಳಿಗೆ ಅದೇ ಎಂದು ನಾವು ಹೇಳುತ್ತಿಲ್ಲ. ಫಿಟ್ಸ್ ಆದ ಮೇಲೂ ಕೈ ಸೋಲುವುದುಂಟು. ಸಿಡುಬಿನಂಥ ಗುಳ್ಳೆಯ ಚಿಕನ್‌ಪಾಕ್ಸ್ ವಾಸಿಯಾದ ಕೆಲವು ತಿಂಗಳಿಗೆ ನಾಳದಲ್ಲಿ ಉರಿಯೂತ ಬರುವುದೂ ಉಂಟು. ಕಳೆದ ಒಂದು ವರ್ಷದೊಳಗೆ ಚಿಕನ್‌ಪಾಕ್ಸ್ ಬಂದಿದ್ದರೆ ಅದನ್ನೂ ಹೇಳಿ.

ಚೀಟಿಯಲ್ಲಿ ಬರೀ ‘ಎಂಆರ್‌ಐ ಬ್ರೈನ್’ ಎಂದಿದ್ದರೆ ಸಾಲದು, ಮಿದುಳು ಮತ್ತು ಕುತ್ತಿಗೆಯ ಎಂಆರ್ ಆಂಜಿಯೋಗ್ರಾಂ (ಅದೇ ಯಂತ್ರದಲ್ಲಿ ತೆಗೆಯುವ ರಕ್ತನಾಳಗಳ ಚಿತ್ರ) ಸೇರಿಸಬೇಕೇ ಎಂದು ಕೇಳಿ. ಮಿದುಳಿನ ನಾಳಗಳನ್ನು, ಚಿತ್ರದಲ್ಲಿ ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಇಲ್ಲದೆಯೂ ನೋಡಬಹುದು. ಆದರೆ ಮಗು ಅಲುಗಿದರೆ ಚಿತ್ರ ಕದಡಿ, ಸರಿಯಿರುವ ನಾಳವೂ ಸಣ್ಣಗಾದಂತೆ ತೋರುತ್ತದೆ. ಮಲಗಿಸುವುದು ಅದಕ್ಕೇ. ಅರಿವಳಿಕೆ ಡಾಕ್ಟರು ಪಕ್ಕದಲ್ಲಿದ್ದು ಆಕ್ಸಿಜನ್, ಬಿಪಿ ನೋಡಿಕೊಳ್ಳುವ ಕಡೆಯೇ ಮಾಡಿಸಿ.

ನಮಗೆ ಅದಕ್ಕಿಂತ ಹೆಚ್ಚಿನ ಚಿಂತೆ ಉಪವಾಸದ್ದು. ಊಟ, ಹಾಲು 6 ಗಂಟೆ ಮೊದಲು ನಿಲ್ಲಿಸಿ ಎಂದರೆ ಹಿಂದಿನ ರಾತ್ರಿಯಿಂದ ನೀರನ್ನೂ ಕೊಡದವರಿದ್ದಾರೆ. ನಮ್ಮ ಕಡೆಯ ಬಿಸಿಲಲ್ಲಿ ಬಸ್ಸಿನಲ್ಲಿ ಬಂದು, ಸರದಿಗೆ ಕಾದು, ಹಸಿದು ಅತ್ತರೆ ನಾಳ ಸಣ್ಣಗಿರುವ ಮಗುವಿಗೆ ಅಲ್ಲೇ ಸ್ಟ್ರೋಕ್ ಆದೀತು. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೂ ಕೊಡಬಹುದು. ಅರಿವಳಿಕೆ ಡಾಕ್ಟರು ಹೇಳಿದ ಸಮಯ ಬರೆದುಕೊಳ್ಳಿ. ಬೆಳಗಿನ ಮೊದಲ ಸರದಿ ಕೇಳಿ. ತಡವಾದರೆ ಸಲೈನ್ ಹಾಕುವಿರಾ ಎಂದು ವಿಚಾರಿಸಿ. ಉಡದಾರ, ಕಾಲ್ಗೆಜ್ಜೆ, ತಾಯತ, ಪಿನ್ನು ಮನೆಯಲ್ಲೇ ಬಿಚ್ಚಿಡಿ.

ಸ್ಕ್ಯಾನ್‌ಗೆ ಮುಂಚೆಯೇ ಕೈಯೋ ಮಾತೋ ಮತ್ತೆ ಸೋತರೆ, ಸರಿಹೋಗುತ್ತದೇನೋ ಎಂದು ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.